ಬುರುಡಿ ಸ್ಟಿಕರ್ ಹಚ್ಚಿಸ್ಕೊಳ್ಳೋಕಿಂತ ಮೊದ್ಲ: ಪನಿಷರ್, ಬಾಯ್ಸ್, ಪೀಸ್‌ಮೇಕರ್, ವಾಚ್‌ಮೆನ್, ಯಾವ್ದು ನೋಡೋದು?

ನಂದು ಹುಬ್ಬಳ್ಳಿಯೊಳಗ ಸಣ್ಣ ರೇಡಿಯಂ ಸ್ಟಿಕರ್ ಅಂಗಡಿ. ನಂಬರ್ ಪ್ಲೇಟು, ಆಟೋದ ಹಿಂದ 'ಅವ್ವನ ಆಶೀರ್ವಾದ', ಟ್ರ್ಯಾಕ್ಟರ್ ಟ್ರೇಲರಿಗೆ ಎತ್ತಿನ ಜೋಡಿ, ಇವ ದಿನದ ಕೆಲಸ. ಇವುಗಳ ನಡುವ ನಾಕೈದು ವರ್ಷದಿಂದ ಒಂದ್ ಡಿಸೈನು ನಿಂತ ಇಲ್ಲ, ಅದು ಬುರುಡಿ. ಉದ್ದಉದ್ದ ಹಲ್ಲಿನ ಬಿಳೆ ಬುರುಡಿ. ಬುಲೆಟ್ ಗಾಡಿ ಟ್ಯಾಂಕಿಗೆ, ಪಲ್ಸರ್ ಮುಂದಿನ ವೈಸರಿಗೆ, ಒಬ್ಬಾಂವಂತೂ ಹಾಲಿನ ಕ್ಯಾನ್ ಒಯ್ಯೋ ಗಾಡಿಗೂ ಹಚ್ಚಿಸ್ಕೊಂಡು ಹೋದ. ಕಟ್ ಮಾಡೋದು ಮಷೀನ್ ಮಾಡತೈತಿ, ಆದ್ರ ಬ್ಯಾಡಾದ ರೇಡಿಯಂ ಕಿತ್ತು ತಗಿಯೋ ಮುಂದ ಆ ಹಲ್ಲು ಭಾಳ ತ್ರಾಸ ಕೊಡತಾವು, ಲಗೂ ಎಳದ್ರ ಹಲ್ಲೂ ಕೂಡೇ ಕಿತ್ತ ಬರತಾವು. ಆ ಹಲ್ಲು ಅಷ್ಟು ಉದ್ದ ಯಾಕ ಅಂದ್ರ, 1974ರಾಗ ಮಾರ್ವೆಲ್ ಕಾಮಿಕ್ಸ್‌ನ್ಯಾಗ ಪನಿಷರ್ ಅನ್ನೋ ಪಾತ್ರ ಮೊದಲ ಸಲ ಬಂದಾಗ ಎದಿ ಮ್ಯಾಲಿನ ಬುರುಡಿ ಕೆಳಗ ಸೊಂಟದ ಗುಂಡಿನ ಪಟ್ಟಿನ ಹಲ್ಲಿನಂಗ ಕಾಣೋ ಹಂಗ ಬರದಿದ್ರು. ಗುಂಡ ಹಲ್ಲು. ಇದು ಗೊತ್ತಿಲ್ದ ಹಚ್ಚಿಸ್ಕೊಂಡು ಹೋಗೋರ ಹೆಚ್ಚು.

ಹೋದ ತಿಂಗಳ ರಾಣೆಬೆನ್ನೂರ ಕಡೆ ಹುಡುಗ ಒಬ್ಬ ಬಂದ, ಧಾರವಾಡ ಸಪ್ತಾಪುರದಾಗ ಪಿಜಿಯೊಳಗ ಇದ್ದು ಪಿಎಸ್‌ಐ ಪರೀಕ್ಷಾಕ್ಕ ಓದಾಕತ್ತಾನಂತ. "ಅಣ್ಣಾರ, ಆ ಆರ್ಮಿ ಬುರುಡಿ ಐತೇನ್ರಿ?" ಅಂದ. ಆರ್ಮಿದಲ್ಲೋ ತಮ್ಮಾ, ಕಾಮಿಕ್ಸಿಂದು, ಹೆಂಡ್ತಿ ಮಕ್ಳನ್ನ ಕಳ್ಕೊಂಡು ಕಂಡಕಂಡ ಗುಂಡಾಗಳನ್ನ ಕೊಲ್ಲಕೋಂತ ಹೋಗೋ ಒಬ್ಬ ಮಾಜಿ ಸೈನಿಕಂದು, ಪೊಲೀಸರು ಅವನ್ನ ಹಿಡೀಲಿಕ್ಕೆ ಅಡ್ಡಾಡತಾರ, ನೀ ನೋಡಿದ್ರ ಪಿಎಸ್‌ಐ ಆಗಾಂವ ಅಂತಿ, ಅಂದೆ. ಹುಡುಗ ಗಾಬರಿ ಆಗ್ಲಿಲ್ಲ, ಖುಷಿ ಆದ. "ಹಂಗಾರ ನೋಡಬೇಕಲ್ರಿ, ಎಲ್ಲಿಂದ ಚಾಲೂ ಮಾಡ್ಲಿ?"

ಇದ ಪ್ರಶ್ನೆ ನನಗ ಇನ್ನೂ ಇಬ್ರು ಕೇಳಿದ್ರು. ಒಬ್ಬಾಂವ ಗದಗಿನ ಪ್ರಿಂಟಿಂಗ್ ಪ್ರೆಸ್‌ನ್ಯಾಗ ಇರೋ ನನ್ನ ದೋಸ್ತ, ಮನ್ಯಾಗ ಎರಡು ಸಣ್ಣ ಹುಡುಗ್ರು, ಟಿವಿ ಇರೋದು ಹಾಲಿನ್ಯಾಗ ಒಂದ. ಇನ್ನೊಬ್ಬಾಕಿ ಹಾವೇರಿಯೊಳಗ ಇತಿಹಾಸ ಕಲಿಸೋ ನಮ್ಮ ಕಾಕಾನ ಮಗಳು, ಆಕಿಗೆ ಬರೇ ಬಡದಾಟ ಇದ್ರ ಹತ್ತು ನಿಮಿಷಕ್ಕ ನಿದ್ದಿ ಬರತೈತಿ. ಮೂರೂ ಮಂದಿಗೆ ಒಂದ ಉತ್ತರ ಕೊಡಾಕ ಬರಂಗಿಲ್ಲ, ಅದಕ್ಕ ಕಾಮಿಕ್ಸಿಂದ ಟಿವಿಗೆ ಬಂದ ಇಂಥಾ ಸೀರೀಸುಗಳ ಬಗ್ಗೆ ಇಷ್ಟು ಉದ್ದ ಬರ್ಯಾಕತ್ತೀನಿ.

ಮೊದ್ಲ ಯಾವುದನ್ನ ಚಲೋ ಅನ್ನಬೇಕು ಅನ್ನೋದು ಇತ್ಯರ್ಥ ಆಗ್ಲಿ. ಹೀರೋನೂ ಅಲ್ಲದ ವಿಲನ್ನೂ ಅಲ್ಲದ, ಕೈಯಾಗ ರಕ್ತ ಹಚ್ಕೊಂಡ ಪಾತ್ರ (ಇದಕ್ಕ ಆಂಟಿಹೀರೋ ಅಂತಾರ) ನಮಗೇನ್ ಹೊಸದಲ್ರಿ. ಊರ ಜಾತ್ರ್ಯಾಗ ಸಿಂಧೂರ ಲಕ್ಷ್ಮಣನ ನಾಟಕ ನೋಡದ ಮಂದಿ ನಮ್ಮ ಕಡೆ ಎಷ್ಟು ಇದ್ದಾರು? ಬ್ರಿಟಿಷ್ ಸರ್ಕಾರದ ಲೆಕ್ಕದಾಗ ದರೋಡೆಕೋರ, ನಮ್ಮ ಮಂದಿ ಲೆಕ್ಕದಾಗ ಬಡವರ ದೇವ್ರು. ನಮ್ಮವ್ವ ಪ್ರತಿ ಸಲ ಕೊನೀ ಸೀನಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅಳ್ತಿದ್ಲು, ಕತಿ ಮೊದಲ ಗೊತ್ತಿದ್ರೂ. ಆದ್ರ ನಾಟಕದ ಮಾಸ್ತರಿಗೆ ಒಂದು ಗೊತ್ತಿರತಿತ್ತು, ಬಂದೂಕು ಹಾರಿದ ಮ್ಯಾಲೆ ಸ್ಟೇಜ್ ಮ್ಯಾಲೆ ಒಂದ್ ಗಳಿಗಿ ಯಾರೂ ಮಾತಾಡಬಾರದು, ಹಾರ್ಮೋನಿಯಂ ಪೆಟ್ಟಿಗಿನೂ ನಿಲ್ಲಬೇಕು. ಆಗ ಮಂದಿ ಸಿಳ್ಳೆ ಹಾಕೋದು ತಾನ ನಿಲ್ಲತೈತಿ. ನಾ ಸೀರೀಸ್ ನೋಡೋ ಮುಂದೂ ಅದನ್ನ ಹುಡುಕತೀನಿ. ಹೊಡದದ್ದು ಎಷ್ಟ್ ಜೋರೈತಿ ಅಂತಲ್ಲ, ಹೊಡದ ಮ್ಯಾಲಿನ ಹತ್ತು ನಿಮಿಷ ಏನು ತೋರಸ್ಯಾರ ಅಂತ. ಕೈ ನಡಗ್ತೈತೇನು, ನಿದ್ದಿ ಬರತೈತೇನು, ಸತ್ತಾಂವಗ ಮನಿಮಂದಿ ಇದ್ದಾರೇನು.

ಎರಡನೇದು, ಅವಂಗ ಎದುರು ನಿಂತು ತಪ್ಪು ಅನ್ನೋರು ಕತಿಯೊಳಗ ಇದ್ದಾರೇನು, ಇದ್ರ ಅವರ ಮಾತಿನ್ಯಾಗ ದಮ್ ಐತೇನು. ಬರೇ ಸುಮ್ಮನ ಬೈಸಿಕೊಳ್ಳಾಕ ಒಬ್ಬ ಪೆದ್ದನ್ನ ಇಟ್ಟಿದ್ರ ಅದು ಲೆಕ್ಕಕ್ಕಿಲ್ಲ. ಮೂರನೇದು, ಕಾಮಿಕ್ಸಿಂದು ಏನು ಬದಲ ಮಾಡ್ಯಾರ, ಯಾಕ ಮಾಡ್ಯಾರ. ಪುಸ್ತಕದಾಗ ಒಂದು ಚಿತ್ರ ನೋಡಿ ಪುಟ ತಿರುವಿಬಿಡತೀವಿ, ಅದನ್ನ ಮನಿಷಾನ ಮಾರಿ ಮ್ಯಾಲೆ ಐವತ್ತು ನಿಮಿಷ ನೋಡೋದು ಬ್ಯಾರೆನ, ಹಂಗಾಗಿ ಇದ್ದದ್ದನ್ನ ಇದ್ದಂಗ ಎತ್ತಿಟ್ಟೋರು ಸೋತಾರ. ಇನ್ನ ಉಳದದ್ದು ಸಂಸಾರದ ಲೆಕ್ಕ: ಎಷ್ಟು ತಾಸು, ಎಷ್ಟು ಡೇಟಾ, ಯಾರ ಮುಂದ ಕುಂತು ನೋಡಬಹುದು.

ಈಗ ಪನಿಷರ್. ಇದರ ಬಗ್ಗೆ ನಾ ಹೆಚ್ಚು ಬರೀತೀನಿ, ಪಕ್ಷಪಾತ ಅಂದ್ರ ಅನ್ರಿ, ದಿನಾ ಅವನ ಬುರುಡಿ ಹಲ್ಲು ಕೀಳಾಂವ ನಾನ.

ಸಿನಿಮಾದವರು ಇವನ್ನ ಮೂರು ಸಲ ಹಿಡದಾರ, 1989ರಾಗ, 2004ರಾಗ, 2008ರಾಗ, ಮೂರೂ ಸಲ ಬ್ಯಾರೆಬ್ಯಾರೆ ನಟರು, ಮೊದಲನೇದ್ರಾಗಂತೂ ಅಂಗಿ ಮ್ಯಾಲೆ ಬುರುಡಿನ ಇದ್ದಿಲ್ಲ. ಎರಡು ತಾಸಿನ್ಯಾಗ ಸೇಡು ತೀರಿಸಿ ಮುಗಿಸಬೇಕಲ್ಲ, ಹಿಂಗಾಗಿ ಸೇಡು ಒಂದ ಉಳೀತು, ಮನಿಷಾ ಉಳೀಲಿಲ್ಲ. ಟಿವಿಯವರಿಗೆ ಸಿಕ್ಕ ಲಾಭ ಅಂದ್ರ ಟೈಮು. ಡೇರ್‌ಡೆವಿಲ್ ಅಂದ್ರ ಹಗಲು ವಕೀಲ, ರಾತ್ರಿ ಮುಖವಾಡ ಹಾಕ್ಕೊಂಡು ಗುಂಡಾಗಳನ್ನ ಕೊಲ್ಲದ ಬಡಿಯೋ ಮಾರ್ವೆಲ್ ಹೀರೋ, ಅವನ ಸೀರೀಸಿನ 2016ರ ಎರಡನೇ ಸೀಸನ್ನಿನ್ಯಾಗ ಜಾನ್ ಬರ್ನ್‌ಥಲ್ ಈ ಫ್ರಾಂಕ್ ಕ್ಯಾಸಲ್ (ಪನಿಷರ್‌ನ ಖರೇ ಹೆಸರು) ಪಾತ್ರಕ್ಕ ಬಂದ, ಆಮ್ಯಾಲೆ 2017ರ ನವೆಂಬರಿನ್ಯಾಗ ಅವಂದ ಸೀರೀಸು ಬಂತು, 13 ಎಪಿಸೋಡು, 2019ರ ಜನವರಿಯೊಳಗ ಇನ್ನೊಂದು 13, ಮುಂದಿನ ತಿಂಗಳ ಬಂದ್ ಮಾಡಿದ್ರು.

ನನ್ನ ಸಲಹಾ ಏನಂದ್ರ, ಪನಿಷರ್ ಸೀರೀಸು ಹಚ್ಚೋಕಿಂತ ಮೊದ್ಲ ಡೇರ್‌ಡೆವಿಲ್ ಎರಡನೇ ಸೀಸನ್ನಿನ ಮೊದಲ ನಾಕು ಎಪಿಸೋಡು ನೋಡ್ರಿ. ಮೂರನೇದ್ರಾಗ ಒಂದು ಮಾಳಿಗಿ ಮ್ಯಾಲಿನ ಸೀನ್ ಐತಿ, ಫ್ರಾಂಕ್ ಡೇರ್‌ಡೆವಿಲ್‌ನ ಸರಪಳಿಲೆ ಕಟ್ಟಿ ಹಾಕ್ಯಾನ, ಕೈಗೆ ಪಿಸ್ತೂಲು ಟೇಪ್ ಸುತ್ತಿ ಕೊಟ್ಟಾನ, ಮುಂದ ಒಬ್ಬ ಅಪರಾಧಿನ ಕೂಡ್ರಿಸಿ ನಾ ಇವನ್ನ ಕೊಲ್ತೀನಿ, ತಡೀಬೇಕಂದ್ರ ನೀ ನನಗ ಗುಂಡ ಹೊಡಿ ಅಂತಾನ. ಅದಕ್ಕೂ ಮೊದ್ಲ ಇಬ್ರೂ ಮಾತಾಡತಾರ, ಸುಮ್ಮನ ಮಾತು, ಒಬ್ಬಾಂವ ಚರ್ಚಿಗೆ ಹೋಗೋ ವಕೀಲ, ಇನ್ನೊಬ್ಬಾಂವ ಬಂದೂಕದವ. ಕೊಲ್ಲದ ಬಿಟ್ರ ಅವರು ಮತ್ತ ಎದ್ದು ಬರತಾರ ಅನ್ನೋದು ಫ್ರಾಂಕಂದು, ಯಾರೂ ಪೂರಾ ಕೆಟ್ಟು ಹೋಗಿರಂಗಿಲ್ಲ ಅನ್ನೋದು ಇವಂದು. ನೋಡಕೋಂತ ಕುಂತ್ರ ಐದು ನಿಮಿಷಕ್ಕೊಮ್ಮೆ ಪಾರ್ಟಿ ಬದಲ ಮಾಡತೀರಿ. ಈ ಸೀನಿನ ಬೇರು ಕಾಮಿಕ್ಸಿನ್ಯಾಗ ಐತಿ, ಗಾರ್ತ್ ಎನ್ನಿಸ್ ಅನ್ನಾಂವ ಬರದದ್ದು, ಟಿವಿಯವರು ಅದನ್ನ ಹಿಗ್ಗಿಸಿ ಇಬ್ರಿಗೂ ಸಮ ಬಾಯಿ ಕೊಟ್ಟಾರ. ನಾಕನೇ ಎಪಿಸೋಡಿನ ಕೊನಿಗೆ ಸ್ಮಶಾನದಾಗ ಕಲ್ಲಿಗೆ ಆನಕೊಂಡು ಫ್ರಾಂಕ್ ತನ್ನ ಮಗಳ ಬಗ್ಗೆ ಹೇಳತಾನ, ಯುದ್ಧದಿಂದ ಮನಿಗೆ ಬಂದ ರಾತ್ರಿ ಮಗಳು ಪುಸ್ತಕ ಓದಿ ಹೇಳಪ್ಪಾ ಅಂದ್ಲು, ಸುಸ್ತಾಗೇತಿ ನಾಳಿ ಓದತೀನಿ ಅಂದ್ನಂತ, ಆ ನಾಳಿ ಬರ್ಲಿಲ್ಲ. ಒಂದ್ ಗುಂಡಿಲ್ಲ, ಒಂದ್ ಏಟಿಲ್ಲ. ನನಗ ಎರಡೂ ಸೀಸನ್ನು ಸೇರಿಸಿ ಅದಕ್ಕಿಂತ ಜೋರಾದ ಹೊಡತ ಸಿಕ್ಕಿಲ್ಲ.

ಇನ್ನ ಅವಂದ ಸೀರೀಸಿನ ಮೊದಲ ಎಪಿಸೋಡು. ಸೇಡೆಲ್ಲ ಮುಗದ ಹೋಗೇತಿ, ಉಳದೋರನ್ನೂ ಮೊದಲ ಹತ್ತು ನಿಮಿಷದಾಗ ಮುಗಿಸಿ ಬುರುಡಿ ಅಂಗಿ ಸುಟ್ಟಬಿಡತಾನ. ಆಮ್ಯಾಲೆ ಏನು? ಹೆಸರ ಬದಲ ಮಾಡ್ಕೊಂಡು ಹಳೇ ಕಟ್ಟಡ ಕೆಡವೋ ಕೆಲಸಕ್ಕ ಹೋಗತಾನ. ಉಳದ ಕೂಲಿಯವರು ಕೂಡಿ ಕುಂತು ಉಣ್ಣೋ ಮುಂದ ಇವ ಒಬ್ಬನ ದೊಡ್ಡ ಸುತ್ತಿಗಿ ತಗೊಂಡು ಗ್ವಾಡಿ ಬಡೀತಿರತಾನ. ಅಂವ ಬಡಿಯೋದು ಗ್ವಾಡಿನಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳಂಗಿಲ್ಲ, ಹೇಳಬೇಕಂತ ಇಲ್ಲ. ಕಾಮಿಕ್ಸಿನ ಫ್ರಾಂಕು ವಿಯೆಟ್ನಾಂ ಯುದ್ಧದಿಂದ ಬಂದಾಂವ, ಟಿವಿ ಫ್ರಾಂಕು ಅಫ್ಘಾನಿಸ್ತಾನದಿಂದ. ಬರೇ ಇಸವಿ ಹೊಂದಾಣಿಕಿ ಅಲ್ಲ ಇದು, ಅಲ್ಲಿ ಅವನ ಕೈಯಿಂದ್ಲೂ ಒಂದು ತಪ್ಪು ಆಗೇತಿ, ಮನಿಮಂದಿ ಸಾವಿನ ಕತಿ ಅಲ್ಲಿಗೇ ಹೋಗಿ ಕೂಡತೈತಿ. ಅಂದ್ರ ಸೇಡಿನ ದಾರಿ ತಿರುಗಿ ಅವನ ಮನಿ ಬಾಗಲಕ್ಕ ಬರತೈತಿ. ಇದು ಚಲೋ ಬದಲಾವಣಿ.

ಅದರಕಿಂತ ಚಲೋದು ಲೂಯಿಸ್ ಅನ್ನೋ ಹುಡುಗನ ಪಾತ್ರ. ಯುದ್ಧದಿಂದ ಬಂದ ಹರೇದ ಸೈನಿಕ, ಮನ್ಯಾಗ ಹಾಸಗಿ ಮ್ಯಾಲೆ ಮಲಗಾಕ ಆಗಂಗಿಲ್ಲ ಅಂತ ಅಪ್ಪನ ಹಿತ್ತಲದಾಗ ಕಂದಕ ತೋಡಿ ಅದರಾಗ ಮಲಗತಾನ. ನೌಕರಿ ಇಲ್ಲ, ಕೇಳೋರಿಲ್ಲ, ಕಡೀಕ ಬಾಂಬು ಹಿಡೀತಾನ, ಫ್ರಾಂಕು ತನ್ನಂಗ ಅಂತ ತಿಳಕೊಂಡಿರತಾನ. ಅಂದ್ರ ಬುರುಡಿ ಸ್ಟಿಕರ್ ಹಚ್ಚೋ ಹುಡುಗನ್ನ ಸೀರೀಸಿನೊಳಗ ತಂದು ನಿಲ್ಲಿಸಿದಂಗ ಆತು. ಹೊರಗೂ ಇದು ಸುಮ್ಮನ ಬಂದ ಮಾತಲ್ಲ, ಅಮೆರಿಕಾದಾಗ ಸೈನಿಕರು, ಪೊಲೀಸರು ಈ ಬುರುಡಿನ ಗಾಡಿಗೆ ಹಚ್ಚಿಕೊಳ್ಳಾಕ ಚಾಲೂ ಮಾಡಿದಾಗ ಪಾತ್ರ ಹುಟ್ಟಿಸಿದೋರಾಗ ಒಬ್ಬನಾದ ಗೆರಿ ಕಾನ್ವೇನ ಇದು ತಪ್ಪು ಅಂತ ಹೇಳ್ದ, 2019ರ ಒಂದು ಕಾಮಿಕ್ಸಿನ್ಯಾಗ ಫ್ರಾಂಕು ಪೊಲೀಸ್ ಗಾಡಿ ಮ್ಯಾಲಿನ ಸ್ಟಿಕರ್ ಹರದ ಹಾಕಿ ನಿಮಗ ಮಾದರಿ ಬೇಕಿದ್ರ ಕ್ಯಾಪ್ಟನ್ ಅಮೆರಿಕಾ ಅದಾನಲ್ಲ ಅಂತಾನ, 2022ರಾಗ ಮಾರ್ವೆಲ್‌ನವರು ಕಾಮಿಕ್ಸಿನ ಬುರುಡಿ ಡಿಸೈನ ಬದಲ ಮಾಡಿದ್ರು. ನನ್ನ ಮಷೀನಿನ್ಯಾಗ ಇನ್ನೂ ಹಳೇದ ಐತಿ, ಗಿರಾಕಿ ಕೇಳೋದು ಅದನ್ನ.

ಮೈನಸ್ಸೂ ಹೇಳತೀನಿ. 13 ಎಪಿಸೋಡಿಗೆ ಆಗೋಷ್ಟು ಕತಿ ಇಲ್ಲ, ನಡುವ ನಾಕೈದು ಎಪಿಸೋಡು ಚಾ ಮಾಡ್ಕೊಂಡು ಬಂದ್ರೂ ಏನೂ ತಪ್ಪಂಗಿಲ್ಲ. ಹನ್ನೆರಡನೇ ಎಪಿಸೋಡಿನ್ಯಾಗ ಚಿತ್ರಹಿಂಸಾ ಇರೋ ಭಾಗ ನಾ ಅರ್ಧ ಕಣ್ಣ ಮುಚ್ಚೇ ನೋಡೀನಿ. ಎರಡನೇ ಸೀಸನ್ನಿಗೆ ಬಂದ್ರ ದೊಡ್ಡ ತಪ್ಪು ಆಗೇತಿ, ಮೊದಲ ಸೀಸನ್ ಕೊನಿಗೆ ಒಡದ ಕನ್ನಡಿ ಗಾಜಿಗೆ ಮಾರಿ ಉಜ್ಜಿಸಿಕೊಂಡ ವೈರಿ ಮಾರಿ ಮ್ಯಾಲೆ ಎರಡನೇದ್ರಾಗ ನೋಡಿದ್ರ ನಾಕು ಗೆರಿ. ಹೊಡದದ್ದಕ್ಕ ಬೆಲಿ ಇಲ್ಲ ಅಂದ್ಮ್ಯಾಲೆ ಏನು ಉಳೀತು? ಮೊದಲ ಸೀಸನ್ನಿಗೆ ಬಿಟ್ಟುಬಿಡ್ರಿ ಅಂತೀನಿ, ಅದರ ಕಡೀ ಸೀನು ಯುದ್ಧ ಮುಗದ ಮ್ಯಾಲೆ ಒಬ್ಬ ಸೈನಿಕ ಕುರ್ಚಿ ಮ್ಯಾಲೆ ಕುಂತು ಬಾಯಿಬಿಟ್ಟು ಹೇಳೋ ಒಂದು ಮಾತು, ಅದಕ್ಕಿಂತ ಚಲೋ ಮುಗಿತಾಯ ಸಿಗಂಗಿಲ್ಲ.

ಇನ್ನೊಂದು, ಇದು ನೆಟ್‌ಫ್ಲಿಕ್ಸಿಗಂತ ಮಾಡಿದ್ದಾದ್ರೂ 2022ರ ಮಾರ್ಚಿನ್ಯಾಗ ಅಲ್ಲಿಂದ ಎತ್ತ್ಯಾರ, ಡಿಸ್ನಿ ಕಡೆ ಹೋಗೇತಿ. ನೆಟ್‌ಫ್ಲಿಕ್ಸಿಗೆ ರೊಕ್ಕ ಕಟ್ಟಿ ಆಮ್ಯಾಲೆ ಹುಡುಕೋಂತ ಕುಂಡ್ರಬ್ಯಾಡ್ರಿ.

ದಿ ಬಾಯ್ಸ್‌ಗೆ ಬರೋಣು. ಇದೂ ಅದ ಗಾರ್ತ್ ಎನ್ನಿಸಂದ, ಡ್ಯಾರಿಕ್ ರಾಬರ್ಟ್‌ಸನ್ ಚಿತ್ರ, 2006ರಿಂದ 2012ರ ತನಕ 72 ಸಂಚಿಕಿ. ಆರು ಸಂಚಿಕಿ ಆದ ಮ್ಯಾಲೆ ಮೊದಲಿನ ಕಂಪನಿ ಕೈಬಿಟ್ಟು ಬ್ಯಾರೆ ಕಂಪನಿಯೊಳಗ ಮುಂದುವರೀತು ಅಂದ್ರ ಎಷ್ಟು ಹೊಲಸು ಇತ್ತು ಅಂತ ನೀವ ಅಂದಾಜ ಮಾಡ್ರಿ. ಸೂಪರ್‌ಹೀರೋಗಳು ಒಂದು ದೊಡ್ಡ ಕಂಪನಿಯ ಮಾಲು, ಜಾಹೀರಾತಿಗೆ ನಗತಾರ, ಹಿಂದ ಮಂದಿನ ಕೊಲ್ತಾರ, ಅವರನ್ನ ಮುಗಿಸಾಕ ಬಿಲ್ಲಿ ಬುಚರ್ ಅನ್ನೋ ಹೊಟ್ಟ್ಯಾಗ ಬೆಂಕಿ ಇಟ್ಕೊಂಡ ಮನಿಷಾ ಒಂದು ಗುಂಪು ಕಟ್ಟತಾನ. ಎರಿಕ್ ಕ್ರಿಪ್ಕೆ ಇದನ್ನ 2019ರಾಗ ಅಮೆಜಾನ್ ಪ್ರೈಮಿಗೆ ಮಾಡ್ದ, ಸೀಸನ್ನಿಗೆ 8 ಎಪಿಸೋಡು, ಐದನೇ ಸೀಸನ್ನ ಕೊನೇದು ಅಂತ ಮೊದಲ ಹೇಳಿದ್ರು.

ಇದನ್ನ ನಾ ಮೊದಲ ಸಲ ನೋಡಿದ್ದು ಚಿಗರಿ ಬಸ್ಸಿನ್ಯಾಗ, ಹುಬ್ಬಳ್ಳಿಯಿಂದ ಧಾರವಾಡಕ್ಕ ಹೋಗೋ ಮುಂದ, ಕಿವ್ಯಾಗ ಇಯರ್‌ಫೋನು. ಹ್ಯೂಯಿ ಅನ್ನೋ ಹುಡುಗ ರಸ್ತೆ ಅಂಚಿನ್ಯಾಗ ಹುಡುಗಿ ಕೈ ಹಿಡಕೊಂಡು ನಿಂತಾನ, ಜೋರ್ ಓಡೋ ಸೂಪರ್‌ಹೀರೋ ಒಬ್ಬ ಅಡ್ಡ ಹಾಯ್ದು ಹೋಗತಾನ, ಹುಡುಗಿ ಇಲ್ಲ, ಇವನ ಕೈಯಾಗ ಆಕಿ ಎರಡು ಕೈ ಅಷ್ಟ ಉಳದಾವು. ಪಕ್ಕದಾಗ ಮಡಿಲಾಗ ಮೆಂತ್ಯೆ ಪಲ್ಲ್ಯಾದ ಚೀಲ ಇಟ್ಕೊಂಡು ಕುಂತ ದೊಡ್ಡವ್ವ "ಯವ್ವಾ!" ಅಂತ ಹೊಯ್ಕೊಂಡ್ಲು, ಇಡೀ ಬಸ್ಸು ನನ್ನ ಕಡೆ ತಿರುಗಿತು. ಉಣಕಲ್ ಬರೋ ತನಕ ಮಾರಿ ಎತ್ತಲಿಲ್ಲ ನಾನು. ಮೊಬೈಲಿನ್ಯಾಗ ನೋಡೋರಿಗೆ ಇದು ಸಲಹಾ ಅಂತನ ತಿಳ್ಕೋರಿ.

ಆದ್ರ ಆ ಸೀನು ಬರೇ ಬೆಚ್ಚಿ ಬೀಳಸಾಕ ಇಟ್ಟಿದ್ದಲ್ಲ. ಆಮ್ಯಾಲೆ ಕಂಪನಿ ವಕೀಲ ಬಂದು ಇಷ್ಟು ರೊಕ್ಕ ತಗೋ, ಈ ಕಾಗದಕ್ಕ ಸೈ ಹಾಕು, ಬಾಯಿ ಮುಚ್ಚು ಅಂತಾನ ನೋಡ್ರಿ, ಹಿಂಸಾ ಅಲ್ಲಿಂದ ಚಾಲೂ ಆಗತೈತಿ. ಬದಲಾವಣಿ ಕಡೆ ನೋಡಿದ್ರ, ಕಾಮಿಕ್ಸಿನ್ಯಾಗ ಬುಚರ್ ಗುಂಪಿನೋರಿಗೂ ಅದ ಶಕ್ತಿ ಔಷಧ ಇರತೈತಿ, ಟಿವಿಯೊಳಗ ಮೊದಲ ಎರಡು ಸೀಸನ್ನಿನ್ಯಾಗ ಒಬ್ಬಾಕಿನ್ನ ಬಿಟ್ರ ಉಳದವರು ಬರಿಗೈ ಮಂದಿ, ಹಿಂಗಾಗಿ ಪ್ರತಿ ಸಲ ಹೆದರಿಕಿ ಖರೇ ಆಗತೈತಿ. ಇದು ಮೂಲಕ್ಕಿಂತ ಚಲೋ ಆಗೇತಿ ಅಂತ ನಾ ಹಿಂದ ಮುಂದ ನೋಡದ ಹೇಳತೀನಿ. ಸಣ್ಣ ಮಜಾ ಸಂಗತಿ, ಕಾಮಿಕ್ಸಿನ್ಯಾಗ ಹ್ಯೂಯಿ ಮಾರಿ ಸೈಮನ್ ಪೆಗ್ ಅನ್ನೋ ನಟನ ಮಾರಿ ನೋಡಿ ಬರದದ್ದು, ಸೀರೀಸು ಬರೋದ್ರಾಗ ಅಂವಗ ವಯಸ್ಸಾತು, ಅದಕ್ಕ ಹ್ಯೂಯಿ ಅಪ್ಪನ ಪಾತ್ರ ಕೊಟ್ಟಾರ.

ತಕರಾರು ಏನಂದ್ರ, ಇದ್ರಾಗ ನಮ್ಮ ಕಣ್ಣು ಬುಚರ್‌ನ ಬಿಟ್ಟು ಹೋಮ್‌ಲ್ಯಾಂಡರ್ ಅನ್ನೋ, ಆ ಸೂಪರ್‌ಹೀರೋಗಳ ಮುಖಂಡನ ಕಡೆ ಹೋಗಿಬಿಡತೈತಿ, ಆಂಟನಿ ಸ್ಟಾರ್ ಅಷ್ಟು ಚಲೋ ಮಾಡ್ಯಾನ. ಮೊದಲ ಸೀಸನ್ನಿನ ನಾಕನೇ ಎಪಿಸೋಡಿನ ವಿಮಾನದ ಸೀನು ನೋಡಿದೋರಿಗೆ ಗೊತ್ತು, ತಾನ ಕೆಡಿಸಿದ ವಿಮಾನದಾಗ ಹೊಯ್ಕೊಳ್ಳೋ ಮಂದಿನ ಬಿಟ್ಟು ಹಾರಿ ಹೋಗತಾನ, ಆಮ್ಯಾಲೆ ಕ್ಯಾಮೆರಾ ಮುಂದ ಭಾಷಣ. ಇಂಥಾಂವನ ಫೋಟೋ ಸ್ಟೇಟಸ್ಸಿಗೆ ಇಟ್ಟು 'ಬಾಸ್' ಅಂತ ಬರಕೊಳ್ಳೋ ಹುಡುಗ್ರನ್ನ ನಾ ನೋಡೀನಿ. ಮುಂದಮುಂದ ಸೀಸನ್ನಿಗೊಂದು ಇನ್ನೂ ಹೊಲಸು ಇನ್ನೂ ಜೋರು ಮಾಡಬೇಕು ಅನ್ನೋ ಚಟಾನೂ ಹತ್ತೇತಿ, ಹತ್ತನೇ ತಲಿ ಒಡದಾಗ ನಮಗೇನೂ ಅನಿಸಂಗಿಲ್ಲ, ಆಕಳಿಸತೀವಿ. ಹತ್ತು ನಿಮಿಷದ ಪರೀಕ್ಷಾದಾಗ ಮೊದಲ ಎರಡು ಸೀಸನ್ನು ಪಾಸು, ಆಮ್ಯಾಲೆ ಗ್ರೇಸ್ ಮಾರ್ಕ್ಸು.

ಪೀಸ್‌ಮೇಕರ್‌ನ ನಾ ನಗಚಾಟಿಕಿ ಸೀರೀಸು ಅಂತ ತಿಳಕೊಂಡು ಕುಂತೆ. ಕುಸ್ತಿಯವ ಜಾನ್ ಸೀನಾ, ತಲಿ ಮ್ಯಾಲೆ ಹೊಳಿಯೋ ಚರಿಗಿ ಬೋರಲು ಹಾಕಿದಂಥ ಹೆಲ್ಮೆಟ್, ಸಾಕಿದ ಒಂದು ಹದ್ದು, ಟೈಟಲ್ಲಿನ್ಯಾಗ ಎಲ್ಲಾರೂ ಮಾರಿ ಗಂಟು ಹಾಕ್ಕೊಂಡು ಕುಣೀತಾರ. 2021ರ 'ದ ಸುಸೈಡ್ ಸ್ಕ್ವಾಡ್' ಸಿನಿಮಾದಾಗ ಶಾಂತಿ ಸಲುವಾಗಿ ಯಾರನ್ನ ಬೇಕಾದ್ರೂ ಕೊಲ್ತೀನಿ ಅನ್ನಾಂವ ಒಬ್ಬ ಒಳ್ಳೆ ಮನಿಷಾನ್ನ ಕೊಂದಿರತಾನ, 2022ರ ಸೀರೀಸು ಅಲ್ಲಿಂದ ಚಾಲೂ. ಜೇಮ್ಸ್ ಗನ್ ಮಾಡಿದ್ದು, 8 ಎಪಿಸೋಡು, 2025ರಾಗ ಎರಡನೇ ಸೀಸನ್ನು ಇನ್ನೊಂದು 8.

ಮೂರನೇ ಎಪಿಸೋಡಿನ್ಯಾಗ ನಗು ನಿಲ್ಲತೈತಿ. ಗುರಿ ಹಿಡದು ಕುಂತಾನ, ಎದುರಿಗೆ ಒಂದು ಕುಟುಂಬ, ಸಣ್ಣ ಹುಡುಗ್ರೂ ಅದಾರ, ಅವರು ಮನಿಷಾರ ಅಲ್ಲ ಅಂತ ಹೇಳ್ಯಾರ, ಹೊಡೀ ಅಂತ ಕಿವ್ಯಾಗ ಆರ್ಡರ್ ಬರಾಕತ್ತೈತಿ. ಬೆರಳು ಹೋಗವಲ್ದು. ಜಗಲಿ ಕಟ್ಟಿ ಮ್ಯಾಲೆ ಕುಂತು ಯಾರನ್ನ ಬೇಕಾದ್ರೂ ಕೊಲ್ತೀನಿ ಅನ್ನೋದಕ್ಕೂ ಕೊಲ್ಲೋದಕ್ಕೂ ನಡುವ ಎಷ್ಟು ದೂರ ಐತಿ ಅನ್ನೋದು ಆ ಬೆರಳಿನ್ಯಾಗ ಐತಿ. ಪಕ್ಕದಾಂವ, ನಗನಗಕೋಂತ ಇರೋ ದೋಸ್ತ, ಹೊಡದಬಿಡತಾನ, ಅಂವಗ ಏನೂ ಅನಿಸಂಗಿಲ್ಲ. ಯಾರು ಹೆಚ್ಚು ಹೆದರಿಸತಾರ ನೀವ ಹೇಳ್ರಿ. ಇವನ ಈ ಅವತಾರಕ್ಕ ಕಾರಣ ಇವನ ಅಪ್ಪ, ಜನಾಂಗದ್ವೇಷ ಮೈತುಂಬ ತುಂಬಿಕೊಂಡ ಮುದುಕ, ಸಣ್ಣಂದಿರತ ಮಗನ್ನ ಹೊಡದ ಹೊಡದ ತಯಾರ ಮಾಡ್ಯಾನ. ಎದುರು ಮಾತಾಡೋರು ಬೇಕು ಅಂದೆನಲ್ಲ, ಇಲ್ಲಿ ಆ ಕೆಲಸ ಟೀಮಿನ ಹೊಸ ಹುಡುಗಿ ಅಡೆಬಾಯೋ ಮಾಡತಾಳ, ಬೈದಲ್ಲ, ಸುಮ್ಮನ ಪ್ರಶ್ನೆ ಕೇಳಿ.

ಕಾಮಿಕ್ಸ್ ಕಡೆಯಿಂದ ನೋಡಿದ್ರ ಇದಕ್ಕ ದೊಡ್ಡ ಪುಣ್ಯ ಐತಿ, ಮೂಲ ಪಾತ್ರ 1966ರದ್ದು, ಅಂಥಾ ಹೆಸರೇನೂ ಮಾಡಿದ್ದಲ್ಲ, ಹಂಗಾಗಿ ಬದಲ ಮಾಡಿದ್ರ ಬೈಯಾವ್ರಿಲ್ಲ. ಅಭಿಮಾನಿಗಳು ಕಡಿಮಿ ಇದ್ದಷ್ಟು ರೂಪಾಂತರ ಚಲೋ ಆಗತೈತಿ ಅಂತ ನನಗ ಒಂದೊಂದು ಸಲ ಅನಿಸತೈತಿ. ಕೊರತಿ ಅಂದ್ರ ಜೋಕು, ಪೋಲಿ ಜೋಕು, ಇಂಗ್ಲಿಷ್ ಹಾಡಿನ ಬ್ಯಾಂಡುಗಳ ಮ್ಯಾಲಿನ ಜೋಕು, ಅರ್ಧ ನಮಗ ಹತ್ತಂಗಿಲ್ಲ.

ಈಗ ನಮ್ಮ ಕಾಕಾನ ಮಗಳಿಗೆ. ಆಕಿಗೆ ವಾಚ್‌ಮೆನ್, ಅಮೆರಿಕಾದ ಟಿವಿ ಚಾನೆಲ್ ಎಚ್‌ಬಿಒದ್ದು, 2019, ಒಟ್ಟ 9 ಎಪಿಸೋಡು, ಮುಂದ ಸೀಸನ್ನಿಲ್ಲ, ಮುಗೀತು. ಅಲನ್ ಮೂರ್, ಡೇವ್ ಗಿಬ್ಬನ್ಸ್ 1986-87ರಾಗ ಮಾಡಿದ 12 ಸಂಚಿಕಿಯ ಕಾಮಿಕ್ಸಿನ ಮುಂದಿನ ಕತಿ ಇದು, 34 ವರ್ಷದ ಆಮ್ಯಾಲಿಂದು. (ಪೀಸ್‌ಮೇಕರಿಗೂ ಇದಕ್ಕೂ ನಂಟೈತಿ, ಮೂರ್ ಮೊದ್ಲ ಹಳೇ ಪೀಸ್‌ಮೇಕರ್ ಮತ್ತ ಅವನ ಜೊತಿಯೋರ್ನ ಹಾಕಿ ಬರೀಬೇಕಂತಿದ್ದ, ಆಗ್ಲಿಲ್ಲ, ಅವರ ಹೆಸರು ಬದಲ ಮಾಡ್ಕೊಂಡು ಬಂದ್ರು.) ಆ ಕಾಮಿಕ್ಸಿನ್ಯಾಗ ರೋರ್ಶಾಕ್ ಅಂತ ಒಬ್ಬಾಂವ ಅದಾನ, ಮಸಿ ಕಲಿಯ ಮುಖವಾಡ, ರಾಜಿನ ಗೊತ್ತಿಲ್ಲ, ಬೆರಳು ಮುರದು ಸುದ್ದಿ ತಗಿಯಾಂವ. ಮೂರ್ ಇಂವ ಎಂಥಾ ಹಾಳಾದ ಮನಿಷಾ ನೋಡ್ರಿ ಅಂತ ಬರದ, ಓದುಗರು ನೋಡಿದ್ರ ಅವನ್ನ ಹೀರೋ ಮಾಡ್ಕೊಂಡ್ರು. ಡೇಮನ್ ಲಿಂಡೆಲಾಫ್ ಟಿವಿಯೊಳಗ ಏನ್ ಮಾಡಿದ ಗೊತ್ತೇನು, ಅದ ಮುಖವಾಡ ಹಾಕ್ಕೊಂಡ ಬಿಳಿಯ ಜನಾಂಗವಾದಿಗಳ ಗುಂಪು ತಂದ. ಅಂದ್ರ ಆಂಟಿಹೀರೋ ಸತ್ತ ಮ್ಯಾಲೆ ಅವನ ಸ್ಟಿಕರ್ ಯಾರ ಗಾಡಿ ಮ್ಯಾಲೆ ಹೋತು ಅನ್ನೋದ ಕತಿ.

ಚಾಲೂ ಆಗೋದು 1921ರ ಟಲ್ಸಾ ಊರಿನಿಂದ, ಅಮೆರಿಕಾದ ಓಕ್ಲಹೋಮಾದಾಗ ಕರಿಯರ ಓಣಿನ ಬಿಳಿಯರ ಗುಂಪು ಸುಟ್ಟ ಖರೇ ಘಟನಾ ಅದು. ಇತಿಹಾಸ ಕಲಿಸೋಳು ಅಲ್ಲಿಂದ ಏಳಲಾರಳು ಅಂತ ನನಗ ಗ್ಯಾರಂಟಿ ಇತ್ತು, ಹಂಗ ಆತು, ರಾತ್ರಿ ಒಂದಕ್ಕ ಫೋನ್ ಮಾಡಿ "ಅಣ್ಣಾ, ಇದು ಖರೇ ಆಗಿದ್ದೇನೋ?" ಅಂದ್ಲು. ರೆಜಿನಾ ಕಿಂಗ್ ನಟನಿ ಬಗ್ಗೆ ನಾ ಹೇಳೋದೇನೈತಿ, 2020ರಾಗ ಈ ಸೀರೀಸಿಗೆ 11 ಎಮ್ಮಿ, ಅಂದ್ರ ಅಮೆರಿಕಾದ ದೊಡ್ಡ ಟಿವಿ ಪ್ರಶಸ್ತಿ, ಬಂದಾವು. ಆದ್ರ ಕಾಮಿಕ್ಸ್ ಓದದೋರಿಗೆ ಮೊದಲ ಮೂರು ಎಪಿಸೋಡು ಕಣ್ಣಿಗೆ ಬಟ್ಟಿ ಕಟ್ಟಿ ನಮ್ಮ ದುರ್ಗದಬೈಲ ಪ್ಯಾಟಿ ಗದ್ದಲದಾಗ ಬಿಟ್ಟಂಗ ಆಗತೈತಿ. ತಾಳ್ಮಿ ಇಲ್ಲದೋರು ಕೈ ಹಚ್ಚಬ್ಯಾಡ್ರಿ.

ಉಳದವು ಲಗೂನ ಹೇಳಿ ಮುಗಿಸತೀನಿ. ಸ್ಪಾನ್, ಎಚ್‌ಬಿಒದವರ ಕಾರ್ಟೂನು, 1997ರಿಂದ 1999, ಅರ್ಧ ತಾಸಿನ 18 ಎಪಿಸೋಡು, ಕಾರ್ಟೂನ್ ಅಂತ ಹುಡುಗ್ರ ಮುಂದ ಹಚ್ಚಿದ್ರ ನೀವುಂಟು ನಿಮ್ಮ ಮನಿಯವರುಂಟು. ಕತ್ತಲಿ, ಮಳಿ, ದಪ್ಪ ಧ್ವನಿ, ರಾತ್ರಿ ಒಬ್ಬರ ನೋಡೋರಿಗೆ ಚಲೋ. ಮೂನ್ ನೈಟ್, 2022, ಬರೇ 6 ಎಪಿಸೋಡು, ಇದ್ರಾಗ ಹೀರೋಗೆ ಎಚ್ಚರ ತಪ್ಪತೈತಿ, ಎಚ್ಚರ ಆಗೋದ್ರಾಗ ಸುತ್ತ ಹೆಣ ಬಿದ್ದಿರತಾವು, ಹೊಡದಿದ್ದು ನಮಗ ಕಾಣಂಗಿಲ್ಲ. ಮೊದಲ ಸಲ ಮಜಾ ಅನಿಸತೈತಿ, ಆಮ್ಯಾಲೆ ಕಂಪನಿ ಹೆದರಿ ಪರದೆ ಎಳದದ್ದು ಅಂತ ಗೊತ್ತಾಗತೈತಿ. ಆದ್ರೂ ರಕ್ತ ನೋಡಾಕಾಗದೋರಿಗೆ ಇದ ಸಲೀಸು.

ಲೆಕ್ಕಕ್ಕ ಬರೋಣು. ನೆಟ್‌ಫ್ಲಿಕ್ಸಿನವರು ಹೇಳೋ ಅಂದಾಜಿನ ಪ್ರಕಾರ ಸಾದಾ ಕ್ವಾಲಿಟಿಗೆ ತಾಸಿಗೆ 1 ಜಿಬಿ ತನಕ, ಎಚ್‌ಡಿಗೆ 3 ಜಿಬಿ ತನಕ ಹೋಗತೈತಿ, ಬ್ಯಾರೆ ಆಪಿಗೂ ಅದ ಆಸುಪಾಸು ಅಂತ ಇಟ್ಕೋರಿ. ದಿನಕ್ಕ 1.5 ಜಿಬಿ ಪ್ಯಾಕಿನ ಪಿಜಿ ಹುಡುಗಗ ಎಚ್‌ಡಿ ಮರತುಬಿಡು, ಸಾದಾದಾಗ ದಿನಕ್ಕೊಂದು ಎಪಿಸೋಡು ಅಂದೆ. ಡೇರ್‌ಡೆವಿಲ್ಲಿನ ನಾಕು, ಪನಿಷರಿನ ಹದಿಮೂರು, 17 ದಿನ, 28 ದಿನದ ರೀಚಾರ್ಜಿನ್ಯಾಗ ಮುಗದು ಇನ್ನೂ 11 ದಿನ ಉಳೀತಾವು. ಬಾಯ್ಸ್ ಹಚ್ಚಿದ್ರ ಐದು ಸೀಸನ್ನಿಗೆ 40 ಎಪಿಸೋಡು, ಒಂದೊಂದು ತಾಸಿನಷ್ಟು, ಪರೀಕ್ಷಾ ಬರಿಯೋ ಹುಡುಗ ಅದರ ಸನೇಕ ಹೋಗಬಾರದು, ಹೋದ್ರ ಮೊದಲ ಸೀಸನ್ ಒಂದ ನೋಡಿ ಎದ್ದ ಬರಬೇಕು.

ಗದಗಿನ ದೋಸ್ತಗ ಪೀಸ್‌ಮೇಕರ್ ಅಂದೆ. ಮೊದಲ ಸೀಸನ್ 8 ಎಪಿಸೋಡು, ಮುಕ್ಕಾಲು ತಾಸಿನ ಆಸುಪಾಸಿನವು, ಸುಮಾರು ಆರು ತಾಸಿನ್ಯಾಗ ಕತಿ ಮುಗೀತೈತಿ, ಹೆಂಡ್ತಿನೂ ಕೂಡಿ ನಗಬಹುದು, ಹುಡುಗ್ರು ಮಲಗಿದ ಮ್ಯಾಲೆ ಮಾತ್ರ. ಇವು ಹೆಚ್ಚಾಗಿ 18 ದಾಟಿದೋರ ಮಾಲು, 2021ರ ಐಟಿ ನಿಯಮದಾಗ ಆಪ್‌ನವರು ವಯಸ್ಸಿನ ಗುರುತು ಹಾಕಿ ಲಾಕ್ ಸೌಲತ್ತು ಕೊಡಬೇಕಂತ ಐತಿ, ಸೆಟಿಂಗಿಗೆ ಹೋಗಿ ಪಿನ್ ಹಾಕು ಅಂದೆ. ಹಾಕ್ದ, ಮಗಳ ಹುಟ್ಟಿದ ತಾರೀಖನ ಪಿನ್ನು ಇಟ್ಟಾನ, ಆಕಿ ಅರ್ಧ ತಾಸಿನ್ಯಾಗ ತಗದಾಳ. ಮತ್ತ ಯಾವ ಸೀರೀಸು ಯಾವ ಆಪಿನ್ಯಾಗ ಅನ್ನೋದು ವರ್ಷಕ್ಕೊಮ್ಮೆ ಬದಲ ಆಗತಿರತೈತಿ, ರೊಕ್ಕ ಕಟ್ಟೋಕಿಂತ ಮೊದ್ಲ ಆಪಿನೊಳಗ ಹೆಸರು ಹೊಡದು ನೋಡ್ರಿ, ವರ್ಷದ ಪ್ಲಾನಿಗೆ ಬೀಳಬ್ಯಾಡ್ರಿ, ಒಂದು ತಿಂಗಳಿಂದು ಸಾಕು, ಇವು ಯಾವೂ ಅದಕ್ಕಿಂತ ಹೆಚ್ಚು ಬೇಡಂಗಿಲ್ಲ, ಬಾಯ್ಸ್ ಒಂದ ಬಿಟ್ಟು.

ಹೋದ ವಾರ ರಾಣೆಬೆನ್ನೂರ ಹುಡುಗ ಮತ್ತ ಬಂದಿದ್ದ, ಕೈಯಾಗ ಕಾಗದದಾಗ ಕಟ್ಟಿದ ಗಿರ್ಮಿಟ್ಟು ಮಿರ್ಚಿ, ನನಗೂ ಒಂದು ಕಟ್ಟಿಸ್ಕೊಂಡು ಬಂದಿದ್ದ. ಹದಿಮೂರೂ ಮುಗಿಸ್ಯಾನ. ಕಂದಕ ತೋಡಿದ ಹುಡುಗನ ಬಗ್ಗೆನ ಮಾತಾಡ್ದ, ಫ್ರಾಂಕನ ಬಗ್ಗೆ ಒಂದ್ ಮಾತಿಲ್ಲ. ಅವರ ಓಣ್ಯಾಗ ಒಬ್ಬಾಂವ ಮಿಲಿಟರಿ ಬಿಟ್ಟು ಬಂದಾನಂತ, ಗುಡುಗು ಬಂದ್ರ ಕಟ್ಟಿ ಬಿಟ್ಟು ಒಳಗ ಹೋಗತಾನಂತ, ನಾವು ಸಣ್ಣಾವ್ರಿದ್ದಾಗ ನಗತಿದ್ವಿರಿ ಅಂದ. ಸ್ವಲ್ಪ ಹೊತ್ತು ಸುಮ್ಕ ತಿಂದ್ವಿ.

ಆಮ್ಯಾಲೆ ಕೈ ಒರಸಕೊಂಡು, ಬುರುಡಿ ಬೇಕ ಬೇಕ್ರಿ ಅಣ್ಣಾರ, ಆದ್ರ ಟ್ಯಾಂಕಿಗೆ ಬ್ಯಾಡ, ಒಳಗಡೆ ಎಲ್ಲೆರ ಸಣ್ಣದು ಹಾಕ್ರಿ ಅಂದ. ಸಣ್ಣದಾದ್ರ ಹಲ್ಲು ಇನ್ನೂ ತ್ರಾಸ, ಹತ್ತು ರೂಪಾಯಿ ಹೆಚ್ಚಿಗಿ ಆಗತೈತಿ ಅಂದೆ. ಆಗ್ಲಿ ಅಂದ. ಮಷೀನಿಗೆ ಹಾಳಿ ಹಾಕಾಕತ್ತಿದ್ದೆ, ಹಿಂದಿನಿಂದ "ಎರಡನೇ ಸೀಸನ್ ನೋಡ್ಲೇನ್ರಿ?" ಅಂದ.

ಪರೀಕ್ಷಾ ಮುಗೀಲಿ ತಡೀ ಅಂದೆ.